ಗುರ್ಲಿಂಗವ್ವ ಅಂತ ಬರಕೋ

ಕೊಪ್ಪಳ
9 ಜುಲೈ 2023

ಅಣ್ಣಾ,

ನನ್ನ ಫೋನ್ ಎತ್ತುವುದಿಲ್ಲ ಎಂದು ನೀನು ಹೇಳಿದ್ದೆ. ಪತ್ರ ಓದುವುದಿಲ್ಲ ಎಂದೇನೂ ಹೇಳಿರಲಿಲ್ಲ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹರಿಯುವುದಾದರೆ ಪೂರ್ತಿ ಓದಿ ಹರಿ.

ಅವ್ವನನ್ನು ಮಣ್ಣು ಮಾಡಿ ಎರಡು ವರ್ಷ ದಾಟಿತು. ನಾನು ಬರುವ ತನಕ ನೀನು ಕಾಯಲಿಲ್ಲ ಎಂದು ಆಮೇಲೆ ಎಲ್ಲರೆದುರಿಗೆ ಕೂಗಾಡಿದೆ. ಕೊರೋನಾದ ಹೆಣವನ್ನು ಇಟ್ಟುಕೊಂಡು ಕಾಯುವಂತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಮರೆವು ಹೆಚ್ಚಾಗಿ ಮನೆ ಬಿಟ್ಟು ಹೋದವಳನ್ನು ತಿಂಗಳುಗಟ್ಟಲೆ ಊರೂರು ಅಲೆದು ಹುಡುಕಿದವನು ನೀನು. ಗಂಗಾವತಿ ಕಡೆಯ ಆಸ್ಪತ್ರೆಯಿಂದ ಫೋನ್ ಬಂದಾಗ ಒಬ್ಬನೇ ಹೋಗಿ ತಂದವನೂ ನೀನೇ. ಅದನ್ನೆಲ್ಲ ಕೆದಕುವ ಪತ್ರವಲ್ಲ ಇದು.

ನಾನೀಗ ಇಲ್ಲಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ಇವರು ಹಳ್ಳಿಹಳ್ಳಿಗೆ ಹೋಗಿ ಶಿಬಿರ ಮಾಡುತ್ತಾರೆ. ಒಂದೇ ಮುದುಕಿ ಬೇರೆಬೇರೆ ಊರಿನ ಶಿಬಿರಕ್ಕೆ ಬಂದರೆ ಬೇರೆಬೇರೆ ಹೆಸರಾಗುತ್ತಾಳೆ. ಹಜರತಬೀ ಎಂಬಾಕೆಯನ್ನು ಒಬ್ಬರು ಅಜರತಬಿ ಎಂದು ಬರೆದಿದ್ದಾರೆ, ಇನ್ನೊಬ್ಬರು ಹಜ್ರದ್ಬಿ. ಅವಳ ಯಾವ ಕಣ್ಣಿಗೆ ಆಪರೇಷನ್ ಆಗಿದೆ ಎಂಬುದು ಒಂದು ಊರಿನಿಂದ ಇನ್ನೊಂದು ಊರಿಗೆ ತಿಳಿಯುವುದೇ ಇಲ್ಲ. ಇವರೆಲ್ಲ ಒಬ್ಬಳೇ ಎಂದು ಕಂಪ್ಯೂಟರಿಗೆ ತಿಳಿಸಿಕೊಡುವುದು ನನ್ನ ಕೆಲಸ.

ಕಂಪ್ಯೂಟರಿಗೆ ಕಿವಿ ಇಲ್ಲ, ಅಣ್ಣಾ. ಅದು ಅಕ್ಷರ ನೋಡುತ್ತದೆ, ಅಷ್ಟೆ. ಕಿವಿಯನ್ನು ನಾವೇ ಮಾಡಿಕೊಡಬೇಕು. ಹ್ರಸ್ವ ದೀರ್ಘ ಒಂದೇ ಎಂದು ಹಿಡಿ, ಹ ಬಿದ್ದುಹೋಗಬಹುದು, ಳ ಬಂದರೆ ಲ ಅಂದುಕೋ, ಅಮ್ಮನೂ ಅವ್ವನೂ ಒಂದೇ. ಹೀಗೆ ಸುಲಿಯುತ್ತ ಹೋದರೆ ಹೆಸರಿನ ಎಲುಬು ಮಾತ್ರ ಉಳಿಯುತ್ತದೆ. ಎಲುಬು ಕೂಡಿದರೆ ಜೋಡಿ ಮಾಡು. ಕೂಡದಿದ್ದರೆ, ಒಂದು ಹೆಸರನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸು. ಕಡಿಮೆಯಿದ್ದರೆ ನನಗೆ ತೋರಿಸು. ನಮ್ಮ ಕಡೆಯ ಮಾತು ಕಿವಿಯಲ್ಲೇ ಇರುವುದರಿಂದ ಈ ನಿಯಮಗಳನ್ನು ಬರೆಯುವುದು ನನಗೆ ಕಷ್ಟವಾಗಲಿಲ್ಲ.

ಕಳೆದ ವಾರ ಪರೀಕ್ಷೆಗೆಂದು ಯಾವುದಾದರೂ ಒಂದು ಹೆಸರು ಹಾಕಬೇಕಿತ್ತು. ಕೈ ತಾನಾಗಿಯೇ ಅವ್ವನ ಹೆಸರು ಹೊಡೆಯಿತು. ಗುರುಲಿಂಗಮ್ಮ.

ಒಂದು ಜೋಡಿ ಬಂತು. ಗುರ್ಲಿಂಗವ್ವ. ವಯಸ್ಸು ಅರವತ್ತರ ಮೇಲೆ. ಊರು ಕುಷ್ಟಿಗಿ. ಮಗನ ಹೆಸರು ಆಲೇಶ. ಶಿಬಿರ ನಡೆದದ್ದು ಇರಕಲ್ಲಗಡದಲ್ಲಿ, 2022ರ ಫೆಬ್ರವರಿಯಲ್ಲಿ.

ನೀನು ಅವ್ವನನ್ನು ಮಣ್ಣು ಮಾಡಿದ್ದು ಅದರ ಹಿಂದಿನ ವರ್ಷದ ಮೇ ತಿಂಗಳಲ್ಲಿ.

ನಿನ್ನ ತಂಗಿ
ಭವಾನಿ


ಕುಷ್ಟಗಿ
2 ಆಗಸ್ಟ್ 2023

ಭವಾನಿ,

ಪತ್ರ ಮುಟ್ಟಿತು. ಗುರ್ಲಿಂಗವ್ವ ಎನ್ನುವವರು ಈ ಸೀಮೆಯಲ್ಲಿ ಓಣಿಗೊಬ್ಬರಿದ್ದಾರೆ. ಹಾಲೇಶರಿಗೂ ಬರವಿಲ್ಲ. ಮಷೀನು ಏನೋ ತೋರಿಸಿತೆಂದು ಸತ್ತವರನ್ನು ಎಬ್ಬಿಸಬೇಡ. ಅವ್ವನನ್ನು ನಾನೇ ಹೊತ್ತು ತಂದೆ, ನಾನೇ ಹೊಲದ ದಾಳಿಂಬೆ ಗಿಡಗಳ ಪಕ್ಕ ಮಣ್ಣಲ್ಲಿಟ್ಟೆ. ಅಮಾವಾಸ್ಯೆಗೊಮ್ಮೆ ಹೋಗಿ ಹೂವು ಏರಿಸಿ ಬರುತ್ತೇನೆ. ನೀನು ಒಂದು ಸಲವೂ ಬಂದಿಲ್ಲ.

ಅಂಗಡಿಯಲ್ಲಿ ಹನಿ ನೀರಾವರಿ ಪೈಪಿನ ಗಿರಾಕಿಗಳ ಗದ್ದಲ. ನನಗೆ ಪತ್ರ ಬರೆಯುವಷ್ಟು ಪುರುಸೊತ್ತಿಲ್ಲ. ಇನ್ನು ಇದರ ಸುದ್ದಿ ಬೇಡ.

ಹಾಲೇಶ

ಆ ಆಲೇಶ ಎಂಬುದನ್ನು ಬರೆದವರು ಯಾರು? ಬರೆದವರು ಹ ಬಿಟ್ಟರೋ, ಹೇಳಿದಾಕಿಯೇ ಬಿಟ್ಟಳೋ? ಅವ್ವನ ಬಾಯಲ್ಲಿ ಹ ಹೊರಳುತ್ತಿರಲಿಲ್ಲ.


ಕೊಪ್ಪಳ
21 ಆಗಸ್ಟ್ 2023

ಅಣ್ಣಾ,

ನೀನು ಕೆಳಗೆ ಬರೆದ ಆ ಎರಡು ಸಾಲಿಗಾಗಿ ನಾನು ಇರಕಲ್ಲಗಡಕ್ಕೆ ಹೋಗಿ ಬಂದೆ.

ಅವತ್ತು ಶಿಬಿರದಲ್ಲಿ ಹೆಸರು ಬರೆದುಕೊಂಡವಳು ನಾಹೀದಾ ಎಂಬ ಆಶಾ ಕಾರ್ಯಕರ್ತೆ. ಚಹಾ ಕೊಟ್ಟು ಕೂರಿಸಿಕೊಂಡಳು. ಒಂದೂವರೆ ವರ್ಷದ ಹಿಂದಿನ ಮಾತು, ನೂರಾರು ಜನ ಬಂದಿರುತ್ತಾರೆ, ನೆನಪಿರಲಿಕ್ಕಿಲ್ಲ ಎಂದು ನಾನು ಮೊದಲೇ ಸಮಾಧಾನ ಮಾಡಿಕೊಂಡಿದ್ದೆ. ಹೆಸರು ಹೇಳಿದ ಕೂಡಲೇ ಅವಳು ಚಹಾದ ಬಸಿ ಕೆಳಗಿಟ್ಟಳು.

"ಅಕೀನ್ನ ಹ್ಯಾಂಗ ಮರೀಲ್ರಿ? ಹೆಸರೇನಬೇ ಅಂತ ಕೇಳಿದೆ. ಗುರ್ಲಿಂಗವ್ವ ಅಂತ ಬರಕೋ ಅಂದ್ಲು. ಬರಕೊಂಡೆ. ಆಮ್ಯಾಲೆ ನನ್ನ ಕಿವಿ ಹತ್ರ ಬಂದು, 'ಆದ್ರ ಅಕಿ ಇಲ್ಲವ್ವಾ, ಅಕೀನ್ನ ಮಣ್ಣ ಕೊಟ್ಟಾರ' ಅಂದ್ಲು. ಮತ್ತ ನೀ ಯಾರಬೇ ಅಂದೆ. ನಕ್ಕೊಂತ ಕುಂತ್ಲು."

"ಮಗನ ಹೆಸರು?"

"ಅದನ್ನ ಕೇಳೂಕಿಂತ ಮೊದಲ ಹೇಳಿದ್ಲ್ರಿ. ಹಾಲೇಶ ಏನಬೇ ಅಂದ್ರ, ಅಲ್ಲ, ಆಲೇಶ ಅಂತ ನನಗ ತಿದ್ದಿದ್ಲು."

ಕೊಪ್ಪಳಕ್ಕೆ ಬಂದು ನಿಯಮಗಳನ್ನು ಸಡಿಲ ಮಾಡಿದೆ. ಸಡಿಲ ಮಾಡಿದಷ್ಟೂ ಸುಳ್ಳು ಜೋಡಿಗಳು ಬರುತ್ತವೆ, ಅದು ಈ ಕೆಲಸದ ತೊಡಕು. ರಾಶಿ ಬಂದವು. ಮಗನ ಹೆಸರನ್ನೂ ಕೂಡಿಸಿ ಜರಡಿ ಹಿಡಿದಾಗ ಹೊಸದಾಗಿ ಎರಡು ಉಳಿದವು. ಒಂದು ಗಂಗಾವತಿಯ ಹತ್ತಿರದ ಶಿಬಿರ, 2022ರ ಕೊನೆ: ಗುರ್ಲವ್ವ, ಊರು ಕುಷ್ಟಿ, ಮಗ ಆಲೇಸ. ಇನ್ನೊಂದು ಈ ಜೂನಿನದು, ಹೇಮಗುಡ್ಡದ ಕಡೆಯದು: ಗುರವ್ವ, ಊರಿನ ಜಾಗ ಖಾಲಿ, ಮಗ ಆಲ.

ಮೂರನ್ನೂ ಒಂದರ ಕೆಳಗೆ ಒಂದು ಬರೆದು ನೋಡಿದೆ, ಅಣ್ಣಾ. ಯಾರೋ ನಡೆಯುತ್ತ ನಡೆಯುತ್ತ ತಮ್ಮ ಹೆಸರನ್ನು ದಾರಿಯ ಮೇಲೆ ಉದುರಿಸಿಕೊಂಡು ಹೋದ ಹಾಗಿದೆ.

ಹೇಮಗುಡ್ಡಕ್ಕೂ ಹೋಗಿದ್ದೆ. ದುರ್ಗಮ್ಮನ ಗುಡಿಯಲ್ಲಿ ಅಂಥ ಒಬ್ಬ ಮುದುಕಿ ಊಟಕ್ಕೆ ಬರುತ್ತಿದ್ದಳಂತೆ, ಮಳೆ ಹಿಡಿದ ಮೇಲೆ ಕಂಡಿಲ್ಲವಂತೆ. ಮತ್ತೆ ಬಂದರೆ ತಿಳಿಸಿ ಎಂದು ನಿನ್ನ ಅಂಗಡಿಯ ನಂಬರು ಕೊಟ್ಟು ಬಂದೆ.

ಒಂದೇ ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆಸ್ಪತ್ರೆಯವರು ನಿನಗೆ ಕೊಟ್ಟ ಚೀಟಿಯಲ್ಲಿ ಹೆಸರು ಏನೆಂದಿತ್ತು? ಮುಖ ನೋಡಿದೆಯಾ?

ಭವಾನಿ


ಕುಷ್ಟಗಿ
10 ಸೆಪ್ಟೆಂಬರ್ 2023

ಭವಾನಿ,

ಗುಲಿಂಗವ್ವ ಎಂದಿತ್ತು.

ಮುಖ ತೋರಿಸಲಿಲ್ಲ. ಆಗ ಯಾರಿಗೂ ತೋರಿಸುತ್ತಿರಲಿಲ್ಲ. ಉಸಿರು ಸಿಗದೆ ರಸ್ತೆಯ ಬದಿ ಬಿದ್ದಿದ್ದಳಂತೆ, ಯಾರೋ ತಂದು ಹಾಕಿದ್ದರಂತೆ. ಮೂಗು ಬಾಯಿಗೆ ಆಕ್ಸಿಜನ್ ಕಟ್ಟಿದ್ದಾಗ ಒಂದೇ ಸಲ ಹೆಸರು ಹೇಳಿದಳಂತೆ. ಪೊಲೀಸರ ಹತ್ತಿರ ನನ್ನ ದೂರು ಇತ್ತು. ಗುರುಲಿಂಗಮ್ಮ, ಗುಲಿಂಗವ್ವ, ಎರಡೂ ಒಂದೇ ಇದ್ದೀತು ಎಂದು ನನ್ನನ್ನು ಕರೆಸಿದರು. ಬಿಳಿ ಚೀಲದ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಒಬ್ಬ ಹುಡುಗ ನಿಂತಿದ್ದ. "ನಿಮ್ಮವರೇನ್ರಿ?" ಎಂದ. ಎತ್ತರ ಅಷ್ಟೇ ಇತ್ತು. ನಾನು ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು.

ನೀನು ಕಂಪ್ಯೂಟರಿಗೆ ಹೇಳಿಕೊಡುವುದನ್ನೇ ನಾನು ಅವತ್ತು ಮಾಡಿದೆ. ಒಂದು ರ ತಾನೆ ಇಲ್ಲದ್ದು ಅಂದುಕೊಂಡೆ.

ಆದರೆ ನೀನು ಬರೆದು ಕಳಿಸಿದ ಮೂರು ಹೆಸರಿನಲ್ಲೂ ರ ಇದೆ. ಏನೆಲ್ಲ ಉದುರಿದರೂ ಅದು ಉಳಿದಿದೆ.

ಹಾಗಾದರೆ ನಾನು ಹೂವು ಏರಿಸುತ್ತಿರುವುದು ಯಾರಿಗೆ?

ಹಾಲೇಶ


ಕುಷ್ಟಗಿ
5 ನವೆಂಬರ್ 2023

ಭವಾನಿಗೆ ನಿನ್ನ ವೈನಿ ಕಳಕಮ್ಮನ ಆಶೀರ್ವಾದ.

ನಿಮ್ಮಣ್ಣನಿಗೆ ಎಂಟು ದಿನದಿಂದ ಜ್ವರ. ಡಾಕ್ಟರು ಬಂದು ನೋಡಿದ್ದಾರೆ, ಹೆದರುವಂಥದ್ದೇನಿಲ್ಲ ಎಂದಿದ್ದಾರೆ. ಅದಕ್ಕಾಗಿ ಬರೆಯುತ್ತಿಲ್ಲ. ನಿನಗೊಂದು ಸಂಗತಿ ಮುಟ್ಟಿಸಬೇಕೆಂದು ಅವರು ಜ್ವರದಲ್ಲೂ ಒಂದೇ ಸಮನೆ ಹಟ ಹಿಡಿದಿದ್ದಾರೆ. ಮೊದಲು ನಡೆದದ್ದನ್ನು ಹೇಳುತ್ತೇನೆ.

ದಸರೆ ಮುಗಿದ ಮೇಲೆ ಅವರು ಮಧ್ಯಾಹ್ನ ಊಟಕ್ಕೆ ಬರುವುದನ್ನೇ ಬಿಟ್ಟರು. ಅಂಗಡಿಯಲ್ಲಿ ಕೇಳಿದರೆ ಮನೆಗೆ ಹೋದರು ಅನ್ನುತ್ತಾರೆ. ತೋಟಕ್ಕೆ ಔಷಧ ಹೊಡೆಯುವವನು ಒಂದು ದಿನ ಬಂದು, "ಸಾವಕಾರ್ರು ಬಿಸಲಾಗ ಸಮಾಧಿ ಮುಂದ ನಿಂತು ಯಾರನ್ನೋ ಕರೀತಾರ್ರಿ, ನನಗ ಅಲ್ಲಿ ಕೆಲಸ ಮಾಡಾಕ ಅಂಜಿಕಿ ಬರಾಕತ್ತೈತಿ" ಎಂದ. ಮರುದಿನ ಬುತ್ತಿ ಕಟ್ಟಿಕೊಂಡು ನಾನೇ ಹೋದೆ.

ಮಟಮಟ ಮಧ್ಯಾಹ್ನ. ಕರೆಂಟಿರಲಿಲ್ಲ, ಮೋಟಾರು ನಿಂತಿತ್ತು. ದಾಳಿಂಬೆಯ ಒಂದು ಎಲೆ ಅಲುಗುತ್ತಿರಲಿಲ್ಲ. ಅವರು ಚಪ್ಪಲಿ ಬಿಟ್ಟು ನಿಂತಿದ್ದರು, ಕೈಯಲ್ಲಿ ನಿನ್ನ ಪತ್ರ. ಒಳಕೋಣೆಯಲ್ಲಿದ್ದವರನ್ನು ಹೊರಗಿನಿಂದ ಕರೆಯುತ್ತೇವಲ್ಲ, ಹಾಗೆ ಕರೆಯುತ್ತಿದ್ದರು. ಒಂದು ಹೆಸರು ಕರೆದು ಸ್ವಲ್ಪ ತಡೆಯುವುದು, ಇನ್ನೊಂದು ಕರೆದು ಮತ್ತೆ ತಡೆಯುವುದು.

"ಗುರುಲಿಂಗವ್ವಾ."

"ಗುಲಿಂಗವ್ವಾ."

"ಗೌಲಿಂಗವ್ವಾ."

ನಾನು ಹಿಂದೆ ಬಂದು ನಿಂತದ್ದು ಅವರಿಗೆ ಗೊತ್ತಿರಲಿಲ್ಲ. ಬುದ್ಧಿಗೇನೋ ಆಗಿದೆ, ಕೈಹಿಡಿದು ಕರೆದೊಯ್ಯಬೇಕು ಎಂದು ಮುಂದೆ ಹೆಜ್ಜೆ ಇಟ್ಟೆ. ಆಗ ಅವರು "ಗವಿಲಿಂಗವ್ವಾ" ಎಂದರು.

"ಹೂಂ."

ನಾನು ಅವರೇ ಅಂದರು ಎಂದುಕೊಂಡೆ. ಅವರು ಗಕ್ಕನೆ ಹಿಂದೆ ಹೊರಳಿ ನನ್ನನ್ನು ನೋಡಿದರು. "ನೀ ಅಂದ್ಯಾ?" ಎಂದರು.

"ನೀವ ಅಂದ್ರಲ್ಲ?" ಎಂದೆ.

ಇಬ್ಬರೂ ಅಂದಿರಲಿಲ್ಲ. ಭವಾನಿ, ನಾನು ದೆವ್ವ ಭೂತ ಎಂದು ಹೆದರುವವಳಲ್ಲ, ನಿನಗೆ ಗೊತ್ತಿದೆ. ಆ ದನಿಯಲ್ಲಿ ಹೆದರಿಸುವಂಥದ್ದೂ ಇರಲಿಲ್ಲ. ಕೈತುಂಬ ಕೆಲಸವಿದ್ದಾಗ ಕರೆದರೆ, ತಲೆ ಎತ್ತದೆ, ಬೇಸರವಿಲ್ಲದೆ, ವಯಸ್ಸಾದ ಹೆಂಗಸರು ಅನ್ನುವ ಹೂಂ ಅದು. ಬುತ್ತಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಅವರ ಕೈಹಿಡಿದು ರಸ್ತೆ ಸಿಗುವ ತನಕ ನಡೆದೆ.

ಅವತ್ತು ಸಂಜೆ ಜ್ವರ ಬಂತು. "ಅಕಿ ಹೆಸರು ಗವಿಲಿಂಗವ್ವ ಅಂತ, ಭವಾನಿಗೆ ಬರಿ, ಹುಡುಕು ಅನ್ನು" ಎನ್ನುತ್ತಾರೆ. ಬರೆದಿದ್ದೇನೆ. ಹುಡುಕು. ಸಿಗದಿದ್ದರೂ ಸಿಗಲಿಲ್ಲ ಎಂದು ಬೇಗ ತಿಳಿಸು.

ಕಳಕಮ್ಮ


ಕೊಪ್ಪಳ
3 ಡಿಸೆಂಬರ್ 2023

ವೈನಿಗೆ, ಅಣ್ಣನಿಗೆ,

ನೀವು ಕೇಳಿದ ದನಿಯನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಪತ್ರ ಓದಿದ ಮೇಲೆ ನನ್ನ ಟೇಬಲ್ಲಿನ ಮುಂದೆ ಕೂತು ಒಂದೊಂದು ಹೆಸರನ್ನೂ ಬಾಯಲ್ಲಿ ಅಂದು ನೋಡಿದೆ. ಗವಿಲಿಂಗವ್ವ ಎಂದು ಮೂಗು ಮುಚ್ಚಿಕೊಂಡು, ಏದುಸಿರು ಬಿಡುತ್ತ ಅಂದೆ. ಗವಿ ಗೌ ಆಯಿತು, ಗೌ ಗು ಆಯಿತು. ವ ಹೀಗೆ ಕರಗಿ ಉಕಾರವಾಗುತ್ತದೆ ಎಂಬುದನ್ನು ನಾನು ಕಂಪ್ಯೂಟರಿಗೆ ಹೇಳಿಕೊಟ್ಟೇ ಇರಲಿಲ್ಲ. ಅದಕ್ಕೆ ಗವಿಲಿಂಗವ್ವನೂ ಗುಲಿಂಗವ್ವನೂ ಸಂಬಂಧವಿಲ್ಲದ ಇಬ್ಬರಾಗಿದ್ದರು.

ಆ ಒಂದು ನಿಯಮ ಸೇರಿಸಿ, ಚೀಟಿಯ ಗುಲಿಂಗವ್ವನನ್ನು ಹಾಕಿದೆ. ಒಬ್ಬಳು ಬಂದಳು, ಗವಿಲಿಂಗವ್ವ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. 2021ರ ಮಾರ್ಚಿನಲ್ಲಿ ನಮ್ಮಲ್ಲೇ ಎಡಗಣ್ಣಿಗೆ ಆಪರೇಷನ್ ಆಗಿದೆ. ತಿರುಗಿ ತೋರಿಸಲು ಬರಬೇಕಿತ್ತು, ಬಂದಿಲ್ಲ.

ನಿನ್ನೆ ಹೋಗಿದ್ದೆ. ಅವಳ ಮಗ ಕಾಳಪ್ಪ ಬಸ್ ನಿಲ್ದಾಣದ ಎದುರಿಗೆ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾನೆ. ಕಣ್ಣಾಸ್ಪತ್ರೆಯಿಂದ ಬಂದಿದ್ದೇನೆ ಎಂದೆ. ಮಷೀನು ನಿಲ್ಲಿಸಿದ.

"ಸಿಕ್ಕಾಳೇನ್ರಿ?" ಎಂದ.

ಅವನೇ ಹೇಳಿದ. ಆ ಮೇ ತಿಂಗಳಲ್ಲಿ ಗಂಗಾವತಿಯಲ್ಲಿರುವ ಮಗಳಿಗೆ ಮೈಯಲ್ಲಿ ಆರಾಮಿಲ್ಲ ಎಂದು ಸುದ್ದಿ ಬಂತಂತೆ. ಬಸ್ಸಿಲ್ಲ, ಬೇಡ ಎಂದರೂ ಕೇಳದೆ ಮುದುಕಿ ನಡೆದೇ ಹೊರಟಿದ್ದಾಳೆ. ಮಗಳ ಮನೆ ಮುಟ್ಟಲಿಲ್ಲ. ಇವನೂ ತಿರುಗದ ಊರಿಲ್ಲ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಅಳಲಿಲ್ಲ. "ಅಕಿ ಸೆರಗಿನ್ಯಾಗ ಕಣ್ಣಿಗೆ ಬಿಡೂ ಔಷಧದ ಬಾಟ್ಲಿ ಕಟ್ಟಿಕೊಂಡಿದ್ಲು. ಇತ್ತೇನ ಕೇಳ್ರಿ" ಎಂದ. ಆಮೇಲೆ, "ಬಾಯಾಗ ನೀರು ಬಿಟ್ಟಿದ್ರೇನ, ಅದನ್ನೂ ಕೇಳ್ರಿ" ಎಂದ.

ಅಣ್ಣಾ, ಎರಡಕ್ಕೂ ನೀನೇ ಉತ್ತರ ಹೇಳಬೇಕು.

ಭವಾನಿ


ಕುಷ್ಟಗಿ
18 ಜನವರಿ 2024

ಭವಾನಿ,

ಔಷಧದ ಬಾಟಲಿ ಇತ್ತು. ಆಸ್ಪತ್ರೆಯವರು ಒಂದು ಸಣ್ಣ ಗಂಟು ಕೊಟ್ಟಿದ್ದರು, ಅದರಲ್ಲಿತ್ತು. ಅವ್ವನಿಗೆ ಯಾರೋ ಪುಣ್ಯವಂತರು ಕೊಡಿಸಿರಬೇಕು ಅಂದುಕೊಂಡಿದ್ದೆ.

ನೀರು ಬಿಡಲು ನನಗೆ ಬಿಡಲಿಲ್ಲ. ಮುಚ್ಚಿದ ಚೀಲದ ಮೇಲೆಯೇ ಚಿಮುಕಿಸಿದೆ. ಇದನ್ನು ಕಾಳಪ್ಪನಿಗೆ ನಾನೇ ಹೇಳಿದೆ. ಸಂಕ್ರಾಂತಿಯ ಮರುದಿನ ಅವನೂ ಅವನ ಅಕ್ಕನೂ ಬಂದಿದ್ದರು. ಏನು ಬಯ್ದರೂ ಬಯ್ಯಿಸಿಕೊಳ್ಳಬೇಕು ಎಂದು ನಾನು ಕಾಯುತ್ತಿದ್ದೆ. ಅಕ್ಕ ಸಮಾಧಿಯ ಮಣ್ಣನ್ನು ಅಂಗೈಯಿಂದ ಸವರುತ್ತ ಕೂತಳು. ಅವನು ಸುತ್ತಲಿನ ಗಿಡಗಳನ್ನು, ಗಿಡದಲ್ಲಿನ ಕಾಯಿಗಳನ್ನು ನೋಡಿದ.

"ನಾವು ಎಬ್ಬಿಸಿ ಒಯ್ಯಾಂಗಿಲ್ರಿ," ಎಂದ. "ಇಲ್ಲೇ ಇರಲಿ. ಇಷ್ಟು ದಿನ ನಿಮ್ಮ ಕೈಲೆ ಹೂವು ಏರಿಸಿಕೊಂಡಾಳ. ಇನ್ನ ಮ್ಯಾಲೆ ಅಕಿ ಹೆಸರು ಹಿಡದು ಏರಿಸ್ರಿ, ಅಷ್ಟ ಸಾಕು."

ಹೊರಡುವಾಗ ತಾಯಿಯನ್ನು ಹೆಸರು ಹಿಡಿದು ಕೂಗಿದ. ನಾನೂ ಕಳಕಮ್ಮನೂ ಕಿವಿಗೊಟ್ಟು ನಿಂತೆವು. ಏನೂ ಬರಲಿಲ್ಲ. ಅವನು ಕಣ್ಣೊರೆಸಿಕೊಂಡು ಮೋಟರ್ ಸೈಕಲ್ ಹತ್ತಿದ.

ನನ್ನ ಜ್ವರ ಇಳಿದಿದೆ. ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಿದ್ದೇನೆ. ಫೋನ್ ಮಾಡು, ಎತ್ತುತ್ತೇನೆ.

ಹಾಲೇಶ


ಕುಷ್ಟಗಿ
25 ಫೆಬ್ರವರಿ 2024

ಭವಾನಿ,

ಅವತ್ತು ಫೋನಿನಲ್ಲಿ "ಸಿಕ್ಕಾಳ, ಮನಿಗೆ ಕರಕೊಂಡು ಬಂದೀವಿ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವಳು ಎದುರಿಗೆ ಕೂತಿರುವಾಗ ಹೇಳಲು ಆಗಲಿಲ್ಲ. ನೀನು ಬರುವ ಮೊದಲು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹೇಮಗುಡ್ಡದ ಗುಡಿಯವರು ಅಂಗಡಿಗೆ ಫೋನ್ ಮಾಡಿದ್ದರು. ಆ ಮುದುಕಿ ಮತ್ತೆ ಬಂದಿದ್ದಾಳೆ, ಈ ಸಲ ಹೆಸರು ಕೇಳಿದರೆ ಏನೂ ಹೇಳುವುದಿಲ್ಲ ಎಂದರು. ನಾನೂ ಕಳಕಮ್ಮನೂ ಗಾಡಿ ಮಾಡಿಕೊಂಡು ಹೋದೆವು. ಅಡುಗೆಮನೆಯ ಹೊರಗೆ ನೆರಳಲ್ಲಿ ಕೂತು ಅಕ್ಕಿಯ ಹರಳು ಆರಿಸುತ್ತಿದ್ದಳು. ಬೆನ್ನಿನಿಂದಲೇ ಗುರುತು ಹಿಡಿದೆ. ಈ ಸಲ ಎದುರಿಗೆ ಹೋಗಿ, ಕೂತು, ಮುಖವನ್ನು ಬೇಕಾದಷ್ಟು ಹೊತ್ತು ನೋಡಿದೆ. ಅವ್ವನೇ. ಕೆನ್ನೆ ಒಳಗೆ ಹೋಗಿವೆ, ಒಂದು ಕಣ್ಣು ಬೆಳ್ಳಗಾಗಿದೆ.

ಗುರುಲಿಂಗವ್ವಾ ಎಂದೆ. ಗುರ್ಲವ್ವಾ, ಗುರವ್ವಾ ಎಂದೆ. ಹರಳು ಆರಿಸುತ್ತಲೇ ಇದ್ದಳು. ಕೊನೆಗೆ ತಾನೇ ಕೇಳಿದಳು.

"ಯಾರನ್ನ ಹುಡುಕಾಕತ್ತೀರಿ?"

"ನಮ್ಮವ್ವನ್ನ," ಎಂದೆ.

"ನಾನೂ ಒಬ್ಬ ಹುಡುಗನ್ನ ಹುಡುಕಾಕತ್ತೀನಿ. ಎಲ್ಲಿ ಹೋಗ್ಯಾನೋ. ನೀವು ಹೊಂಟ ಕಡೆ ನನ್ನೂ ಕರಕೊಂಡು ಹೋಗ್ರಿ, ಕೂಡೇ ಹುಡುಕೂಣು," ಎಂದು ಮೊರ ಬದಿಗಿಟ್ಟು, ಯಾರೂ ಹೇಳದೆ ಗಾಡಿ ಹತ್ತಿ ಕೂತಳು.

ಓಣಿಯಲ್ಲಿ ಇಳಿದಾಗ ಅವಳ ತಿಥಿಯ ಊಟ ಮಾಡಿದವರೆಲ್ಲ ಬಾಗಿಲಲ್ಲಿದ್ದರು. ಎದುರುಮನೆಯಾಕೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವ್ವ ಮಾತ್ರ ನೆಟ್ಟಗೆ ಒಳಗೆ ನಡೆದು, ತಂಬಿಗೆ ಎಲ್ಲಿರುತ್ತದೆಂದು ಕೇಳದೆ ತೆಗೆದುಕೊಂಡು ನೀರು ಕುಡಿದಳು. ನನಗೂ ಕಳಕಮ್ಮನಿಗೂ ಕಣ್ಣು ತುಂಬಿದವು.

ಆಮೇಲೆ ನಡುಮನೆಗೆ ಬಂದಳು. ಗೋಡೆಯ ಮೇಲಿನ ಫೋಟೋ ತೆಗೆದಿಡಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮಾಲೆ ಹಾಕಿದ ಫೋಟೋದ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು.

"ಗುರ್ಲಿಂಗವ್ವ," ಎಂದಳು. "ಭಾಳ ಛಲೋ ಹೆಣಮಗಳು. ಪಾಪ, ಹೋಗಿಬಿಟ್ಲು."

ಅವತ್ತಿನಿಂದ ಬೆಳಿಗ್ಗೆ ಎದ್ದು ಜಳಕ ಮಾಡಿ ಫೋಟೋಕ್ಕೆ ಹೂವು ಇಡುತ್ತಾಳೆ. ಕಳಕಮ್ಮ ಒಂದು ದಿನ ಫೋಟೋ ತೆಗೆದು ಟ್ರಂಕಿನಲ್ಲಿಟ್ಟಳು. ಅವ್ವ ದಿನವಿಡೀ ಕೋಣೆಯಿಂದ ಕೋಣೆಗೆ ಅಲೆದಳು, ಊಟ ಮುಟ್ಟಲಿಲ್ಲ, ಸಂಜೆಗೆ ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದಳು. ಮತ್ತೆ ತೂಗು ಹಾಕಿದೆವು. ಬದುಕಿದ್ದಾಳೆ, ಮರಣ ಪತ್ರ ರದ್ದು ಮಾಡಿ ಎಂದು ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ. ಆ ಕಾಗದ ಬಂದರೆ ಅವಳಿಗೆ ಓದಿ ಹೇಳಲೇ ಎಂದು ಕಳಕಮ್ಮನನ್ನು ಕೇಳಿದೆ.

ಆದರೆ ಉಣ್ಣುತ್ತಾಳೆ, ಮಲಗುತ್ತಾಳೆ, ಕಳಕಮ್ಮನ ಕೂಡ ಕಾಯಿಪಲ್ಯ ಸೋಸುತ್ತಾಳೆ. ನನಗೆ ನೀವು ತಾವು ಎಂದು ಮಾತಾಡುತ್ತಾಳೆ. ಬೆಳ್ಳಗಾದ ಕಣ್ಣನ್ನು ನಿಮ್ಮ ಆಸ್ಪತ್ರೆಯಲ್ಲಿ ತೋರಿಸಬೇಕು, ಯಾವ ಹೆಸರಿನಲ್ಲಿ ಬರೆಸಬೇಕೆಂದು ನೀನೇ ಹೇಳು.

ಬೇಗ ಬಾ. ಬಂದಾಗ ಅವಳನ್ನು ಅವ್ವಾ ಎಂದು ಮಾತ್ರ ಕರೆಯಬೇಡ. ಕರೆದರೆ ಅವಳು ಫೋಟೋದ ಕಡೆ ಹೊರಳುತ್ತಾಳೆ. ಅದು ಓ ಅನ್ನಲಿ ಎಂದು ನಮ್ಮ ಜೊತೆ ತಾನೂ ಕಾಯುತ್ತ ನಿಲ್ಲುತ್ತಾಳೆ.

ನಿನ್ನ ಅಣ್ಣ
ಹಾಲೇಶ